ಯಾವ ಹೂವಿನ ಜೇನು, ಯಾವ ತಿಂಗಳದ್ದು?

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಪಕ್ಕದ ಮನೆಯಾಕೆ ಜೇನುತುಪ್ಪದ ಬಾಟಲಿ ಹಿಡಿದು ಬಂದರು. ಕೊಪ್ಪಳದ ಕಡೆ ಹೊಲ ಮಾಡಿಕೊಂಡಿರುವ ಅವರ ತಮ್ಮ, ಹೊಲದ ಬದುವಿನಲ್ಲಿ ಪೆಟ್ಟಿಗೆ ಇಟ್ಟವರಿಂದ ಕೊಂಡು ತಂದದ್ದು. ಬಾಟಲಿಯನ್ನು ತಲೆಕೆಳಗು ಮಾಡಿದರೂ ಒಂದು ಹನಿ ಬೀಳಲಿಲ್ಲ. ಒಳಗೆ ಇದ್ದದ್ದು ಚಳಿಗೆ ಗಟ್ಟಿಯಾದ ತುಪ್ಪದ ಹಾಗಿನ ತಿಳಿಹಳದಿ ಮುದ್ದೆ. “ನೋಡಿ ಅಕ್ಕಾ, ಸಕ್ಕರೆ ಪಾಕ ತುಂಬಿ ಕೊಟ್ಟಿದ್ದಾರೆ, ಚೆಲ್ಲೋಣ ಅಂದ್ರೆ ಬಾಟಲಿಯಿಂದ ಹೊರಗೇ ಬರ್ತಿಲ್ಲ” ಎಂದರು. ಚಮಚದ ತುದಿಯಲ್ಲಿ ಒಂದಿಷ್ಟು ಕೆದಕಿ ನಾಲಗೆಯ ಮೇಲಿಟ್ಟುಕೊಂಡೆ. ಸಣ್ಣ ರವೆಯಂಥ ಹರಳು, ಒಂದು ಗಳಿಗೆ ತಣ್ಣಗೆ ಅನ್ನಿಸಿ ಕರಗಿತು. ಹಿಂದಿನಿಂದಲೇ ಸೂರ್ಯಕಾಂತಿಯ ಆ ಸಪೂರ ಹೂವಿನ ರುಚಿ.

ಅದು ಪಾಕವಲ್ಲ. ಜೇನಿನಲ್ಲಿ ಮುಖ್ಯವಾಗಿ ಇರುವುದು ಎರಡು ಬಗೆಯ ಸಕ್ಕರೆ, ಫ್ರಕ್ಟೋಸ್ ಮತ್ತು ಗ್ಲೂಕೋಸ್. ಹರಳುಗಟ್ಟುವ ಗುಣ ಗ್ಲೂಕೋಸಿನದು. ಯಾವ ಹೂವಿನ ಮಕರಂದದಲ್ಲಿ ಅದರ ಪಾಲು ಹೆಚ್ಚೋ ಆ ಜೇನು ಬೇಗ ಹೆಪ್ಪಾಗುತ್ತದೆ. ಸೂರ್ಯಕಾಂತಿ, ಸಾಸಿವೆ, ರಬ್ಬರ್ ಜೇನುಗಳು ಈ ಜಾತಿಯವು. ಕಾಶ್ಮೀರದ ಅಕೇಶಿಯಾ ಜೇನಿನಲ್ಲಿ ಫ್ರಕ್ಟೋಸ್ ಹೆಚ್ಚು, ಹಾಗಾಗಿ ಅದು ತಿಂಗಳುಗಟ್ಟಲೆ ನೀರಾಗಿಯೇ ಇರುತ್ತದೆ. ಸುಮಾರು 14 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಹರಳುಗಟ್ಟುವುದು ಬಹಳ ಜೋರು. ಡಿಸೆಂಬರಿನ ರಾತ್ರಿಗಳಲ್ಲಿ ನಮ್ಮ ಅಡುಗೆಮನೆಗಳಲ್ಲಿ ಆಗುವುದೂ ಅದೇ. ಬಾಟಲಿಯನ್ನು ಕೈ ತಾಳುವಷ್ಟು ಬಿಸಿಯ ನೀರಿನ ಪಾತ್ರೆಯಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಇಟ್ಟರೆ ಜೇನು ಮೊದಲಿನಂತೆ ಆಗುತ್ತದೆ. ಒಲೆಯ ಮೇಲಿಡಬಾರದು, ಮೈಕ್ರೋವೇವ್‌ನಲ್ಲಂತೂ ಬೇಡವೇ ಬೇಡ. ನನ್ನನ್ನು ಕೇಳಿದರೆ ಕರಗಿಸುವುದೂ ಬೇಡ. ಹಾಗೇ ಚಪಾತಿಗೆ ಬೆಣ್ಣೆಯಂತೆ ಸವರಿಕೊಂಡು ತಿನ್ನಬೇಕು.

ಮಾವು ಕೊಳ್ಳುವಾಗ ರಸಪುರಿಯೋ ಬಾದಾಮಿಯೋ ಎಂದು ಕೇಳುತ್ತೇವೆ. ಬದನೆ ಮಟ್ಟು ಗುಳ್ಳವೋ ಈರನಗೆರೆಯದೋ ಎಂದು ವಿಚಾರಿಸುತ್ತೇವೆ. ಜೇನಿನ ಸರದಿ ಬಂದಾಗ ಮಾತ್ರ ‘ಒಂದು ಬಾಟಲಿ ಕೊಡಿ’ ಎಂದು ಕೈ ಚಾಚುತ್ತೇವೆ. ಕೇಳಬೇಕಾದ ಪ್ರಶ್ನೆಗಳು ಮೂರಿವೆ: ಯಾವ ನೊಣದ್ದು, ಯಾವ ಹೂವಿನದು, ಯಾವ ತಿಂಗಳಲ್ಲಿ ತೆಗೆದದ್ದು. ಈ ಮೂರಕ್ಕೂ ಉತ್ತರ ಕೊಡಬಲ್ಲವರ ಹತ್ತಿರ ಕೊಂಡರೆ ಅರ್ಧ ಮೋಸ ಅಲ್ಲಿಗೇ ತಪ್ಪುತ್ತದೆ.

ನೊಣ ಬೇರೆ, ತುಪ್ಪ ಬೇರೆ

ಕನ್ನಡದಲ್ಲಿ ಹುಳುವಿಗೂ ಜೇನು, ಅದು ಕೂಡಿಟ್ಟ ಸಿಹಿಗೂ ಜೇನು. ಆದರೆ ಹಳ್ಳಿಯವರು ಬರೀ ಜೇನು ಎನ್ನುವುದು ಕಡಿಮೆ; ಹೆಜ್ಜೇನು, ತುಡುವೆ, ಕೋಲುಜೇನು ಎಂದು ಬಿಡಿಸಿಯೇ ಹೇಳುತ್ತಾರೆ.

ಹೆಜ್ಜೇನು ಎತ್ತರದ ಮರದ ಕೊಂಬೆಗೆ, ಬಂಡೆಯ ಚಾಚಿಗೆ, ನಗರಗಳಲ್ಲಿ ನೀರಿನ ಟ್ಯಾಂಕಿಗೆ, ಅಪಾರ್ಟ್‌ಮೆಂಟಿನ ಸಜ್ಜಕ್ಕೆ ಒಂದೇ ಒಂದು ದೊಡ್ಡ ಎರಿ ಕಟ್ಟುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಹೂವು ಇರುವಲ್ಲಿಗೆ ವಲಸೆ ಹೋಗುವುದೇ ಅದರ ಬದುಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಕೊಡಗು–ಮೈಸೂರು ಕಾಡಂಚಿನ ಜೇನುಕುರುಬರು ತಲೆಮಾರುಗಳಿಂದ ಇಳಿಸಿಕೊಂಡು ಬಂದಿರುವುದು ಈ ಜೇನನ್ನು. ರಾತ್ರಿ ಹೊತ್ತು ಮರ ಹತ್ತಿ, ಹಸಿ ಸೊಪ್ಪಿನ ಹೊಗೆ ತೋರಿಸಿ, ಹಾಡಿಕೊಳ್ಳುತ್ತಾ ಎರಿ ಕೊಯ್ಯುವುದು ಸೋಲಿಗರ ರೂಢಿ. ತಮ್ಮ ಕಾಡಿನ ಕಿರು ಉತ್ಪನ್ನಗಳ ಮೇಲೆ ಅವರಿಗೆ ಸಮುದಾಯ ಹಕ್ಕುಪತ್ರ ದೊರೆತದ್ದು 2011ರಲ್ಲಿ. ಕಾಡುಜೇನಿಗೆ ಹತ್ತಾರು ಮರಗಳ ಮಕರಂದ ಸೇರಿರುತ್ತದೆ. ಬಣ್ಣ ಕಡು, ರುಚಿ ಗಡುಸು. ತೇವಾಂಶ ಹೆಚ್ಚಾದ್ದರಿಂದ ತೆಳುವಾಗಿಯೂ ಇರುತ್ತದೆ. ಎರಿಯನ್ನು ಮರಿಗಳ ಸಮೇತ ಕೈಯಲ್ಲಿ ಹಿಂಡಿ ತೆಗೆದ ಜೇನು ಕದಡಿರುತ್ತದೆ, ಬೇಗ ಹುಳಿಯುತ್ತದೆ. ಜೇನು ತುಂಬಿದ ಭಾಗವನ್ನಷ್ಟೇ ಕೊಯ್ದು, ಮರಿಗಳಿರುವ ಭಾಗವನ್ನು ಬಿಟ್ಟು, ಬಟ್ಟೆಯಲ್ಲಿ ಸೋರಿಸಿದ್ದು ಚೊಕ್ಕ. ಕೊಳ್ಳುವಾಗ ‘ಹಿಂಡಿದ್ದೋ ಸೋರಿಸಿದ್ದೋ’ ಎಂದು ಕೇಳಿ. ಆ ಒಂದು ಪ್ರಶ್ನೆಯಿಂದ ಗೂಡೊಂದು ಉಳಿಯಬಹುದು.

ತುಡುವೆ ನಮ್ಮ ಮಲೆನಾಡು, ಕರಾವಳಿ, ಕೊಡಗಿನ ಸಾಕುಜೇನು. ಮರದ ಪೊಟರೆ, ಹುತ್ತ ಇದರ ಸ್ವಂತ ಮನೆ; ಪೆಟ್ಟಿಗೆ ಕೊಟ್ಟರೂ ಒಗ್ಗುತ್ತದೆ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ನ್ಯೂಟನ್ ಎಂಬ ಪಾದ್ರಿ ಇದರ ಗಾತ್ರಕ್ಕೆ ಹೊಂದುವ ಪೆಟ್ಟಿಗೆ ಮಾಡಿದರು. ಆ ಹೆಸರಿನ ಪೆಟ್ಟಿಗೆ ಈಗಲೂ ಬಳಕೆಯಲ್ಲಿದೆ. ವಿರಾಜಪೇಟೆಯಲ್ಲೂ ಪುತ್ತೂರಿನಲ್ಲೂ ಜೇನು ಕೃಷಿಕರ ಸಹಕಾರ ಸಂಘಗಳು ಸ್ವಾತಂತ್ರ್ಯಕ್ಕೂ ಮೊದಲೇ ಹುಟ್ಟಿಕೊಂಡವು. ‘ಕೂರ್ಗ್ ಹನಿ’ ಎಂದು ನಾಡಿನಾಚೆಗೂ ಹೆಸರಾದದ್ದು ಈ ತುಡುವೆಯ ತುಪ್ಪವೇ. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಸತ್ತವು. ಸಾಲು ಸಾಲು ಪೆಟ್ಟಿಗೆಗಳು ಖಾಲಿಯಾಗಿ ಅಟ್ಟ ಸೇರಿದವು. ಆ ಪೆಟ್ಟು ತಿಂದೂ ಕೈಬಿಡದವರು ಇವತ್ತು ತುಡುವೆ ಸಾಕುತ್ತಿದ್ದಾರೆ. ಒಂದು ಪೆಟ್ಟಿಗೆಯಿಂದ ವರ್ಷಕ್ಕೆ ಸಾಮಾನ್ಯವಾಗಿ ಐದರಿಂದ ಹತ್ತು ಕಿಲೋ ಸಿಕ್ಕೀತು. ಅದರ ಬೆಲೆ ಯಾಕೆ ಹೆಚ್ಚು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಬಯಲುಸೀಮೆಯ ಸೂರ್ಯಕಾಂತಿ ಹೊಲಗಳಲ್ಲಿ ಲಾರಿಯಿಂದ ಇಳಿಸುವ ದೊಡ್ಡ ಪೆಟ್ಟಿಗೆಗಳಲ್ಲಿ ಇರುವುದು ಮೆಲ್ಲಿಫೆರಾ, ಯುರೋಪಿನ ನೊಣ. 1960ರ ದಶಕದಲ್ಲಿ ಪಂಜಾಬ್–ಹಿಮಾಚಲದ ಕಡೆ ನೆಲೆಯೂರಿ ಆಮೇಲೆ ದೇಶವೆಲ್ಲ ಹಬ್ಬಿತು. ಪೆಟ್ಟಿಗೆಯೊಂದಕ್ಕೆ 25–30 ಕಿಲೋವರೆಗೂ ಕೊಡುವುದರಿಂದ ಅಂಗಡಿಯ ಬಾಟಲಿಗಳಲ್ಲಿ ಹೆಚ್ಚಿನವು ಇದರವೇ. ಕೋಲುಜೇನು ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವ ಪುಟ್ಟ ನೊಣ. ಅದರ ಜೇನು ಮಾರಾಟಕ್ಕೆ ಬರುವುದೇ ಅಪರೂಪ.

ಇನ್ನೊಂದಿದೆ, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ದಕ್ಷಿಣ ಕನ್ನಡದಲ್ಲಿ ಮುಜಂಟಿ, ಶಿರಸಿ ಕಡೆ ಮಿಸ್ರಿ, ಉಳಿದೆಡೆ ನಸರು ಎನ್ನುವ ಕೊಂಡಿಯಿಲ್ಲದ ಜೇನು. ಮುರಕಲ್ಲಿನ ಗೋಡೆಯ ಸಂದಿನಿಂದ ಬೆರಳುದ್ದದ ಮೇಣದ ಕೊಳವೆಯೊಂದು ಹೊರಗೆ ಚಾಚಿರುತ್ತದೆ. ಬಾಯಲ್ಲಿ ನಾಲ್ಕೈದು ಕಪ್ಪು ನೊಣಗಳು ಕಾವಲು. ಗೂಡು ತೆರೆದರೆ ಎರಿಯೇ ಇಲ್ಲ, ದ್ರಾಕ್ಷಿಗೊಂಚಲಿನ ಹಾಗೆ ಅಂಟಿಕೊಂಡ ಕಂದು ಕುಡಿಕೆಗಳು. ಒಂದೊಂದರಲ್ಲೂ ಕೆಲವೇ ಹನಿ. ಗಿಡಗಳ ಅಂಟಿನ ಜೊತೆ ಮೇಣ ಕಲಸಿ ಕುಡಿಕೆ ಮಾಡುವುದರಿಂದ ಜೇನಿಗೂ ಆ ಅಂಟಿನ ಘಾಟು ಹತ್ತಿರುತ್ತದೆ. ಮೊದಲು ಹುಳಿ, ಆಮೇಲೆ ಸಿಹಿ, ಕೊನೆಗೆ ಗಂಟಲಲ್ಲಿ ಒಂದು ಒಗರು. ವರ್ಷಕ್ಕೆ ಗೂಡೊಂದರಿಂದ ಕೆಲವು ನೂರು ಗ್ರಾಂ ಸಿಕ್ಕರೆ ಹೆಚ್ಚು. ಇದನ್ನು ಕಣ್ಣಿಗೆ ಬಿಡುವ ಪದ್ಧತಿ ಕೆಲವು ಕಡೆ ಇದೆ. ದಯವಿಟ್ಟು ಬೇಡ, ಶುದ್ಧೀಕರಿಸದ ಯಾವ ದ್ರವವೂ ಕಣ್ಣಿಗೆ ಸಲ್ಲದು.

ಹೂವಿನ ಪಂಚಾಂಗ

ಮಲೆನಾಡಿನ ಜೇನು ಸುಗ್ಗಿ ಹೂಮಳೆಯಿಂದ ಶುರು. ಫೆಬ್ರವರಿ–ಮಾರ್ಚಿನಲ್ಲಿ ನಾಲ್ಕು ಹನಿ ಬಿದ್ದು ವಾರ ಕಳೆಯುವಷ್ಟರಲ್ಲಿ ಕಾಫಿ ತೋಟವೆಲ್ಲ ಬೆಳ್ಳಗಾಗುತ್ತದೆ. ಮೂರು ನಾಲ್ಕು ದಿನದ ಸಂಭ್ರಮ ಅದು. ಆಗ ತುಂಬಿದ ಜೇನು ತಿಳಿಬಣ್ಣದ್ದು, ಮೆದುವಾದ ಪರಿಮಳದ್ದು. ಕಾಫಿ ಪುಡಿಯ ವಾಸನೆ ಅದಕ್ಕೆ ಇರುವುದಿಲ್ಲ, ಇದ್ದರೆ ಸಂಶಯಪಡಬೇಕು. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಲಾರದು, ಹಾಗಾಗಿ ಆ ತೋಟಗಳಿಗೆ ಜೇನುನೊಣ ಬರೀ ಅತಿಥಿಯಲ್ಲ, ಫಸಲಿನ ಪಾಲುದಾರ.

ಕಾಫಿಯ ಬೆನ್ನಿಗೇ ಕಾಡಿನ ಮರಗಳ ಸರದಿ. ಮಾರ್ಚಿನಿಂದ ಮೇವರೆಗೆ ನೇರಳೆ, ಹೊಂಗೆ ಮತ್ತಿತರ ಮರಗಳು. ನೇರಳೆ ಜೇನು ಕಡುಕಂದು, ಸಿಹಿಯ ಹಿಂದೆ ಒಂದು ಎಳೆ ಕಹಿ ಮತ್ತು ಒಗರು. ‘ಜೇನು ಕಹಿ ಆಗಿದೆ, ಕೆಟ್ಟಿದೆ’ ಎಂದು ವಾಪಸು ಕೊಡುವವರಿದ್ದಾರೆ. ಬಲ್ಲವರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ಬಯಲುಸೀಮೆಯ ಬೇವಿನ ಜೇನಿಗೂ ಕೊನೆಯಲ್ಲಿ ಹೀಗೊಂದು ಕಹಿ ಉಳಿಯುತ್ತದೆ. ಅಡಿಕೆ ತೋಟದಲ್ಲಿ ಜೇನಿಗೆ ಪರಾಗ ಧಾರಾಳ, ಮಕರಂದಕ್ಕೆ ಮಾತ್ರ ಬೆಟ್ಟದ ಕಾಡೇ ಬೇಕು. ಸೊಪ್ಪಿನ ಬೆಟ್ಟ ಬೋಳಾದ ಊರಿನಲ್ಲಿ ತೋಟ ಹಸಿರಾಗಿದ್ದರೂ ಪೆಟ್ಟಿಗೆ ಹಗುರ.

ಸುಳ್ಯ, ಬೆಳ್ತಂಗಡಿ, ಪುತ್ತೂರಿನ ಕಡೆ ಈಗ ಹೆಚ್ಚು ಸಿಗುವುದು ರಬ್ಬರ್ ಜೇನು. ಇದರ ವಿಶೇಷ ಏನೆಂದರೆ ಇದು ಹೂವಿನ ಜೇನೇ ಅಲ್ಲ. ಎಲೆ ಉದುರಿಸಿದ ರಬ್ಬರ್ ಮರ ಜನವರಿ–ಫೆಬ್ರವರಿಯಲ್ಲಿ ಚಿಗುರುವಾಗ ಎಲೆಯ ತೊಟ್ಟಿನ ತುದಿಯ ಗ್ರಂಥಿಗಳಿಂದ ಸಿಹಿರಸ ಜಿನುಗುತ್ತದೆ, ಜೇನು ಅದನ್ನು ಹೀರುತ್ತದೆ. ತಿಳಿಬಣ್ಣ, ಸಾಧು ರುಚಿ, ಬೇಗ ಹೆಪ್ಪು. ಅಪ್ಪಟ ಜೇನೇ, ಸಂಶಯ ಬೇಡ. ಆದರೆ ಅದನ್ನು ‘ಪಶ್ಚಿಮ ಘಟ್ಟದ ಕಾಡುಜೇನು’ ಎಂದು ಹೆಚ್ಚಿನ ಬೆಲೆಗೆ ಮಾರುವುದು ತಪ್ಪು.

ಇನ್ನು ಕುರಿಂಜಿ. ಏಳು, ಹನ್ನೆರಡು ವರ್ಷಕ್ಕೊಮ್ಮೆ ಬೆಟ್ಟವೆಲ್ಲ ನೀಲಿಯಾಗಿ ಅರಳುವ ಗಿಡದ ಜೇನು. 2022ರಲ್ಲಿ ಚಿಕ್ಕಮಗಳೂರಿನ ಗಿರಿಶ್ರೇಣಿಯಲ್ಲಿ ಅರಳಿದ್ದನ್ನು ನೋಡಲು ಜನ ಮುಗಿಬಿದ್ದಿದ್ದರು. ಪ್ರತಿ ವರ್ಷವೂ ‘ಕುರಿಂಜಿ ಜೇನು’ ಮಾರುವ ಅಂಗಡಿ ಕಂಡರೆ ಹೂವು ಯಾವ ಬೆಟ್ಟದಲ್ಲಿ, ಯಾವ ವರ್ಷ ಅರಳಿತ್ತು ಎಂದು ಕೇಳಿ.

ಯಾವುದೇ ಜೇನನ್ನು ನೂರಕ್ಕೆ ನೂರು ಒಂದೇ ಹೂವಿನದು ಎನ್ನಲಾಗದು. ನೊಣ ಬೇಲಿ ನೋಡಿ ಹಾರುವುದಿಲ್ಲ. ‘ಹೆಚ್ಚಿನ ಪಾಲು ನೇರಳೆ’ ಎನ್ನುವ ಜೇನು ಕೃಷಿಕನ ಮಾತನ್ನು ಬಾಟಲಿಯ ಮೇಲಿನ ಬಣ್ಣದ ಚಿತ್ರಕ್ಕಿಂತ ನಾನು ಹೆಚ್ಚು ನಂಬುತ್ತೇನೆ. ದೇಶದ ಬೇರೆಡೆಗೆ ಹೋದಾಗಲೂ ಇದೇ ಕಣ್ಣು ಇರಲಿ: ಮುಜಫ್ಫರಪುರದ ಲಿಚಿ ಜೇನು, ರಾಜಸ್ಥಾನದ ಸಾಸಿವೆ ಜೇನು, ಸುಂದರಬನದ ಕಾಂಡ್ಲಾ ಕಾಡಿನ ಜೇನು ಒಂದಕ್ಕೊಂದು ಹೋಲುವುದೇ ಇಲ್ಲ.

ನೀರಿನ ಲೋಟ ನಂಬಬೇಡಿ

ಜೇನನ್ನು ನೀರಿಗೆ ಬಿಟ್ಟರೆ ತಳ ಸೇರಬೇಕು, ಬತ್ತಿ ಅದ್ದಿ ಹಚ್ಚಿದರೆ ಉರಿಯಬೇಕು, ಕಾಗದದ ಮೇಲೆ ಹರಡಬಾರದು, ಇರುವೆ ಮುತ್ತಬಾರದು ಎಂಬ ಪರೀಕ್ಷೆಗಳು ಮನೆಮನೆಗಳಲ್ಲಿ ಓಡಾಡುತ್ತಿವೆ. ಇವು ಯಾವುವೂ ಶುದ್ಧತೆಯನ್ನು ಅಳೆಯುವುದಿಲ್ಲ. ಹೆಚ್ಚೆಂದರೆ ಗಟ್ಟಿತನ, ತೇವಾಂಶವನ್ನು ಅಳೆಯುತ್ತವೆ. ದಪ್ಪ ಸಕ್ಕರೆ ಪಾಕ ಇವುಗಳಲ್ಲಿ ಸುಲಭವಾಗಿ ಪಾಸಾಗುತ್ತದೆ, ಮಳೆ ಹಿಡಿದ ಮೇಲೆ ತೆಗೆದ ಅಪ್ಪಟ ತುಡುವೆ ಜೇನು ಫೇಲಾಗುತ್ತದೆ. ಇರುವೆಗೆ ಎರಡೂ ಇಷ್ಟವೇ. ಕಲಬೆರಕೆಯಂತೂ ಪ್ರಯೋಗಾಲಯವನ್ನೂ ದಾಟುವಷ್ಟು ಬೆಳೆದಿದೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರ ಡಿಸೆಂಬರಿನಲ್ಲಿ ಪ್ರಕಟಿಸಿದ ತನಿಖೆಯಲ್ಲಿ, 13 ಬ್ರ್ಯಾಂಡುಗಳಲ್ಲಿ ಜರ್ಮನಿಯ ಎನ್‌ಎಂಆರ್ ಪರೀಕ್ಷೆಯೂ ಸೇರಿದಂತೆ ಎಲ್ಲ ಪರೀಕ್ಷೆಗಳನ್ನೂ ದಾಟಿದ್ದು ಮೂರು ಮಾತ್ರ.

ಹಾಗಾದರೆ ಕೊಳ್ಳುವುದು ಹೇಗೆ? ನೊಣ ಸಾಕುವವರಿಂದಲೇ, ಅಥವಾ ಅವರ ಸಹಕಾರ ಸಂಘಗಳಿಂದ. ರಾಜ್ಯದ ತೋಟಗಾರಿಕೆ ಇಲಾಖೆ ‘ಝೇಂಕಾರ’ ಹೆಸರಿನಡಿ ಜೇನು ಕೃಷಿಕರ ಉತ್ಪನ್ನಕ್ಕೆ ಮಾರುಕಟ್ಟೆ ಕಲ್ಪಿಸಿದೆ. ಸಾಧ್ಯವಾದರೆ ಒಮ್ಮೆ ಜೇನು ತೆಗೆಯುವ ದಿನವೇ ಹೋಗಿ. ಮೇಲಿನ ಕೋಣೆಯ ಚೌಕಟ್ಟು ಎತ್ತಿದಾಗ ಕಣಗಳ ಬಾಯಿಗೆ ತೆಳ್ಳನೆಯ ಬಿಳಿ ಮೇಣದ ಮುಚ್ಚಳ ಬಿದ್ದಿದೆಯೇ ನೋಡಿ. ನೊಣ ಮಕರಂದದ ನೀರನ್ನು ರೆಕ್ಕೆ ಬೀಸಿ ಆರಿಸಿ, ಪಕ್ವವಾಯಿತು ಎಂದು ತೀರ್ಮಾನಿಸಿದ ಮೇಲೆ ಹಾಕುವ ಮೊಹರು ಅದು. ಚೌಕಟ್ಟಿನ ಮುಕ್ಕಾಲು ಪಾಲು ಮುಚ್ಚಿದ ಮೇಲೆ ತೆಗೆದ ಜೇನು ವರ್ಷಗಟ್ಟಲೆ ಕೆಡದು. ಆತುರಕ್ಕೆ ಹಸಿಯಾಗಿ ತೆಗೆದದ್ದು ನೊರೆ ಕಟ್ಟಿ, ಹುಳಿ ವಾಸನೆ ಬಂದು, ಮುಚ್ಚಳವನ್ನೇ ಉಬ್ಬಿಸುತ್ತದೆ.

ಅಳತೆಯ ಲೆಕ್ಕವೂ ತಿಳಿದಿರಲಿ. ಜೇನು ನೀರಿಗಿಂತ ಭಾರ, ಒಂದು ಲೀಟರ್ ಜೇನು ಸುಮಾರು 1.4 ಕಿಲೋ ತೂಗುತ್ತದೆ. ಹಳ್ಳಿಗಳಲ್ಲಿ 750 ಮಿಲಿಲೀಟರಿನ ಬಾಟಲಿ ತುಂಬ ಕೊಟ್ಟರೆ ಅದು ಒಂದು ಕಿಲೋಗಿಂತ ತುಸು ಹೆಚ್ಚೇ. ಕಿಲೋ ದರವನ್ನೂ ಲೀಟರ್ ದರವನ್ನೂ ಒಂದೇ ಎಂದುಕೊಂಡು ಚೌಕಾಸಿ ಮಾಡಬೇಡಿ. ಮನೆಗೆ ತಂದ ಮೇಲೆ ಗಾಜಿನ ಬಾಟಲಿ, ಒಣ ಚಮಚ, ಬಿಗಿ ಮುಚ್ಚಳ, ನೆರಳು. ಫ್ರಿಜ್ ಬೇಡ.

ಔಷಧಿಯೆಷ್ಟು, ಆಹಾರವೆಷ್ಟು

ಸುಶ್ರುತ ಸಂಹಿತೆ ಎಂಟು ಬಗೆಯ ಜೇನನ್ನು ಹೆಸರಿಸುತ್ತದೆ, ಚರಕ ನಾಲ್ಕನ್ನು. ಹೊಸ ಜೇನಿನ ಗುಣ ಬೇರೆ, ಹಳೆಯದರ ಗುಣ ಬೇರೆ ಎಂದೂ ಆಯುರ್ವೇದ ವಿಂಗಡಿಸಿದೆ. ಜೇನು ಎಲ್ಲ ಒಂದೇ ಅಲ್ಲ ಎಂಬ ತಿಳಿವಳಿಕೆ ನಮಗೆ ಹೊಸದೇನಲ್ಲ, ನಡುವೆ ಎಲ್ಲೋ ಕಳೆದುಕೊಂಡದ್ದು.

ಕೆಮ್ಮಿಗೆ ಜೇನು ಒಳ್ಳೆಯದೆಂಬ ಅಜ್ಜಿಯ ಮಾತನ್ನು ವೈದ್ಯವಿಜ್ಞಾನವೂ ಒಪ್ಪುತ್ತದೆ. 2020ರಲ್ಲಿ ಆಕ್ಸ್‌ಫರ್ಡ್ ಸಂಶೋಧಕರು ಹಿಂದಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಶೀತ–ಕೆಮ್ಮಿನ ಉಪಶಮನಕ್ಕೆ ಜೇನು ಎಂದಿನ ಚಿಕಿತ್ಸೆಗಿಂತ ಮೇಲು ಎಂದು ಕಂಡುಕೊಂಡರು. ಹಸಿಶುಂಠಿ ರಸ ಅರ್ಧ ಚಮಚ, ಚಿಟಿಕೆ ಕಾಳುಮೆಣಸಿನ ಪುಡಿ, ಒಂದು ಚಮಚ ಜೇನು, ಮಲಗುವ ಮುನ್ನ. ಇದಕ್ಕೆ ನೇರಳೆ ಅಥವಾ ಕಾಡುಜೇನಿನ ಗಡುಸು ರುಚಿ ಹೊಂದುತ್ತದೆ. ಗಾಯ ಮಾಯಿಸುವ ಗುಣವೂ ನಿಜ. ಜೇನಿನ ಆಮ್ಲತೆ ಮತ್ತು ಅದರ ಕಿಣ್ವವೊಂದು ಹುಟ್ಟಿಸುವ ಹೈಡ್ರೋಜನ್ ಪೆರಾಕ್ಸೈಡ್ ರೋಗಾಣುಗಳನ್ನು ತಡೆಯುತ್ತವೆ. ಆದರೆ ಆಸ್ಪತ್ರೆಯಲ್ಲಿ ಬಳಸುವುದು ಕ್ರಿಮಿಶುದ್ಧ ಮಾಡಿದ ಜೇನು. ದೊಡ್ಡ ಸುಟ್ಟಗಾಯಕ್ಕೆ ಅಡುಗೆಮನೆಯ ಬಾಟಲಿ ಸುರಿಯಬೇಡಿ.

ಒಂದು ಮಾತನ್ನು ಮಾತ್ರ ಖಡಾಖಂಡಿತವಾಗಿ ಹೇಳಬೇಕು. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವ, ಬಜೆ ತೇಯ್ದು ಜೇನಿನಲ್ಲಿ ಕೊಡುವ ಪದ್ಧತಿ ನಮ್ಮಲ್ಲಿ ಪ್ರೀತಿಯಿಂದಲೇ ನಡೆದು ಬಂದಿದೆ. ಜೇನಿನಲ್ಲಿ ಕೆಲವೊಮ್ಮೆ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ದೊಡ್ಡವರ ಕರುಳು ಅವನ್ನು ತಡೆಯುತ್ತದೆ, ಎಳೆಯ ಕರುಳಿಗೆ ಆ ಶಕ್ತಿ ಬಂದಿರುವುದಿಲ್ಲ; ಸ್ನಾಯುಗಳು ಸೋತು ಉಸಿರಾಟಕ್ಕೇ ಅಪಾಯವಾಗಬಹುದು. ಶುದ್ಧ ಜೇನು, ಮನೆಯ ಜೇನು ಎಂಬ ಸಮಾಧಾನ ಇಲ್ಲಿ ನಡೆಯದು. ಮನೆಯ ಹಿರಿಯರಿಗೆ ಬೇಸರವಾದರೂ ಸರಿ, ತಾಯಂದಿರು ಗಟ್ಟಿಯಾಗಿ ನಿಲ್ಲಬೇಕು.

ಸಕ್ಕರೆ ಕಾಯಿಲೆ ಇರುವವರಿಗೆ ಜೇನು ಸಕ್ಕರೆಗೆ ಬದಲಿಯಲ್ಲ, ಇನ್ನೊಂದು ಸಕ್ಕರೆ ಅಷ್ಟೆ. ಒಂದು ಚಿಕ್ಕ ಚಮಚ ಜೇನಿನಲ್ಲಿ ಸುಮಾರು 20 ಕ್ಯಾಲೊರಿ ಇರುತ್ತದೆ. ಬೆಳಗಿನ ಬಿಸಿನೀರು–ನಿಂಬೆ–ಜೇನು ಕೊಬ್ಬು ಕರಗಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಕುಡಿಯುವುದೇ ಆದರೆ ನೀರು ಉಗುರುಬೆಚ್ಚಗಿರಲಿ. ಜೇನನ್ನು ಕಾಯಿಸಬಾರದು ಎಂದು ಆಯುರ್ವೇದ ಹೇಳುತ್ತದೆ. ಕಾಯಿಸಿದರೆ ಕಿಣ್ವಗಳು ಸಾಯುತ್ತವೆ, ಪರಿಮಳ ಹಾರುತ್ತದೆ ಎಂದು ವಿಜ್ಞಾನವೂ ಹೇಳುತ್ತದೆ.

ತಿನ್ನುವುದಕ್ಕಂತೂ ದಾರಿ ನೂರು. ಕೊಡಗಿನಲ್ಲಿ ಬಿಸಿ ಅಕ್ಕಿರೊಟ್ಟಿಗೆ ಬೆಣ್ಣೆ, ಜೇನು. ಮಲೆನಾಡಿನ ಮೇ ತಿಂಗಳಲ್ಲಿ ಹಲಸಿನ ತೊಳೆಯನ್ನು ಜೇನಿನಲ್ಲಿ ಅದ್ದಿ ತಿನ್ನುವ ಸುಖಕ್ಕೆ ಸಾಟಿಯಿಲ್ಲ. ಹಣ್ಣು, ಜೇನು ಎರಡೂ ಅದೇ ಬೆಟ್ಟದವು. ತಿಳಿಯಾದ ಕಾಫಿ ಹೂವಿನ ಜೇನು ಹಾಲಿಗೆ, ಮೊಸರಿಗೆ, ಪಂಚಾಮೃತಕ್ಕೆ ಚೆನ್ನ. ಬೆಟ್ಟದ ನೆಲ್ಲಿಕಾಯಿ ಹೋಳು ಮುಳುಗಿಸಿಡಲು ಕಾಡುಜೇನು. ಮಿಸ್ರಿಯನ್ನು ಯಾವುದಕ್ಕೂ ಬೆರೆಸಬೇಡಿ, ಬೆರಳ ತುದಿಯಲ್ಲಿ ಹಾಗೇ ನೆಕ್ಕಿ.

ಬರುವ ಹೂಮಳೆಯ ನಂತರ, ಮಾರ್ಚಿನಿಂದ ಮೇವರೆಗಿನ ಸುಗ್ಗಿಯಲ್ಲಿ ಜೇನು ಸಾಕುವ ಒಬ್ಬರನ್ನು ಹುಡುಕಿಕೊಂಡು ಹೋಗಿ ಎರಡು ಬಾಟಲಿ ಬೇರೆ ಬೇರೆ ಜೇನು ತನ್ನಿ. ಒಂದೊಂದರ ಮೇಲೂ ಚೀಟಿ ಅಂಟಿಸಿ ನೊಣ, ಹೂವು, ಊರು, ತಿಂಗಳು ಬರೆದಿಡಿ. ಮನೆಯ ಮಕ್ಕಳಿಗೆ ಕಣ್ಣು ಮುಚ್ಚಿಸಿ ರುಚಿ ನೋಡಿಸಿ, ಯಾವುದು ಯಾವುದೆಂದು ಕೇಳಿ. ನಿಮ್ಮ ಕಟ್ಟಡದ ಸಜ್ಜಕ್ಕೆ ಹೆಜ್ಜೇನು ಬಂದು ಕೂತರೆ ವಿಷ ಸಿಂಪಡಿಸುವವರಿಗೆ ಫೋನ್ ಮಾಡುವ ಮೊದಲು ಜೇನು ಬಲ್ಲವರನ್ನು ಕರೆಸಿ.